ಶಂಖದವನ ಉಸಿರು

ಹೆಣ ಮುಟ್ಟಿದ ಬಾಯಿಗೆ ಶಂಖ ತಾಗಬಾರದು ಎಂದು ಆಗ ಎಲ್ಲರೂ ನಂಬಿದ್ದರು. ಮಠದಲ್ಲೂ ನಂಬಿದ್ದರು.

ಆ ಮಠದಲ್ಲಿ ಬೆಳಗಿನ ಶಂಖ ಊದುವ ಕೆಲಸ ಹೊಸದಾಗಿ ಒಬ್ಬ ಶಿಷ್ಯನ ಪಾಲಿಗೆ ಬಂದಿತ್ತು. ಚೆನ್ನಾಗಿ ಊದುತ್ತಿದ್ದ. ಚೆನ್ನಾಗಿ ಊದುತ್ತೇನೆಂದು ಅವನಿಗೂ ಗೊತ್ತಿತ್ತು. ಆ ಹೆಮ್ಮೆಯನ್ನು ಬಿಡು ಎಂದು ಹಿರಿಯರು ಗದರಿದ್ದರು. ಅವನು ಶಂಖವನ್ನು ಕೈಯಲ್ಲಿ ಹಿಡಿದುಕೊಂಡೇ ಗುರುವಿನ ಬಳಿಗೆ ಬಂದು ಕೇಳಿದ: “ಗುರುಗಳೇ, ಬಿಡಬೇಕಾಗಿಲ್ಲದ ಹೆಮ್ಮೆ ಒಂದಾದರೂ ಇದೆಯೇ?”

ಗುರು ಹೇಳಿದ ಕತೆ ಇದು.

ಒಂದು ಊರಿನ ದೇವಸ್ಥಾನದಲ್ಲಿ ಶಂಖ ಊದುವವನೊಬ್ಬನಿದ್ದ. ಅವನು ಊದಲು ತೊಡಗಿದಾಗ ಬಾವಿಗೆ ಬಿಟ್ಟ ಕೊಡ ತುಂಬಿ ಮೇಲೆ ಬಂದರೂ ನಾದ ನಿಂತಿರುತ್ತಿರಲಿಲ್ಲ. ಇದನ್ನು ಊರು ಹೇಳುತ್ತಿತ್ತು. ಊರು ಮರೆತ ದಿನ ಅವನೇ ನೆನಪಿಸುತ್ತಿದ್ದ. ಅವನಿಗೆ ಹೊಲವಿರಲಿಲ್ಲ, ಓದೂ ಇರಲಿಲ್ಲ. ಇದ್ದದ್ದು ಆ ಶಂಖ, ಆ ಉಸಿರು.

ಒಂದು ಬೆಳಿಗ್ಗೆ ಪೂಜೆ ಮುಗಿದ ಹೊತ್ತಿನಲ್ಲಿ, ಊರಿಗೆ ಬಂದಿದ್ದ ಒಬ್ಬ ಬಳೆಗಾರ ದೇವಸ್ಥಾನದ ಕಲ್ಯಾಣಿಗೆ ಕಾಲು ತೊಳೆಯಲು ಇಳಿದು, ಪಾಚಿಗಟ್ಟಿದ ಮೆಟ್ಟಿಲಿನಿಂದ ಜಾರಿ ನೀರಿಗೆ ಬಿದ್ದ. ಎತ್ತಿ ಮೇಲೆ ತರುವಷ್ಟರಲ್ಲಿ ಉಸಿರು ನಿಂತಿತ್ತು. ನೀರು ಕುಡಿದವನನ್ನು ಕುಂಬಾರನ ತಿಗರಿಯ ಮೇಲೆ ಬೋರಲು ಮಲಗಿಸಿ ತಿರುಗಿಸುವುದು ಆ ಊರಿನ ಪದ್ಧತಿ. ಕುಂಬಾರನ ಮನೆ ಊರಿನ ಆಚೆ ತುದಿಗಿತ್ತು. ಹೊರುವವರು ಯಾರು, ತಿಗರಿ ಈಗ ಬಿಡುವಾಗಿದೆಯೇ ಎಂದು ಚರ್ಚೆ ನಡೆಯಿತು.

ಶಂಖದವ ಬಾಗಿ ನೋಡಿದ. ಬಳೆಗಾರನ ಮೂಗಿನಲ್ಲಿ ಗಾಳಿಯಾಡುತ್ತಿರಲಿಲ್ಲ. ಎದೆಗೆ ಕಿವಿಯಿಟ್ಟರೆ ಒಳಗೆಲ್ಲೋ ಸಣ್ಣ ಬಡಿತ ಕೇಳಿತು. ಆದರೆ ಉಸಿರು ನಿಂತವನು ಹೆಣ ಎಂಬುದು ಊರಿನ ಲೆಕ್ಕ. ಈ ಬಾಯಿಗೆ ಬಾಯಿಟ್ಟರೆ ತನ್ನ ಕೈಯಲ್ಲಿ ಶಂಖ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಒಂದು ಗಳಿಗೆ ಶಂಖವನ್ನು ನೋಡಿದ. ಆಮೇಲೆ ಅದನ್ನು ಮೆಟ್ಟಿಲ ಮೇಲಿಟ್ಟು ಮಂಡಿಯೂರಿದ.

ಮೊದಲು ಊದಿದ್ದು ಹೆಸರುವಾಸಿಯಾದ ತನ್ನ ಉದ್ದನೆಯ ಉಸಿರನ್ನೇ. ಅದು ಬಳೆಗಾರನ ಮೂಗಿನಿಂದ ಸೋರಿಹೋಯಿತು. ಮೂಗು ಹಿಡಿದು ಇನ್ನೂ ಉದ್ದಕ್ಕೆ ಊದಿದ. ಎದೆ ಏಳಲಿಲ್ಲ. ಹೊಟ್ಟೆ ಉಬ್ಬಿತು, ಕುಡಿದ ನೀರು ಬಾಯಿಗೆ ಬಂತು. ಕೊಡ ತುಂಬುವವರೆಗೂ ಊದುತ್ತೀಯೇನೋ ಎಂದು ಯಾರೋ ನಕ್ಕರು. ಶಂಖದವ ಬಳೆಗಾರನ ಮುಖವನ್ನು ಪಕ್ಕಕ್ಕೆ ಹೊರಳಿಸಿ ಬಾಯಿ ಒರೆಸಿದ. ಸೊಟ್ಟಗೆ ಹಿಡಿದ ಶಂಖದೊಳಕ್ಕೆ ಉಸಿರು ಹೋಗುವುದಿಲ್ಲ ಎಂಬುದು ಆಗ ನೆನಪಾಯಿತು. ಹಣೆಯನ್ನು ಹಿಂದಕ್ಕೆ ಬಾಗಿಸಿ ಗದ್ದವನ್ನು ಮೇಲೆತ್ತಿದ. ಈ ಸಲ ಯಾರು ಬೇಕಾದರೂ ಬಿಡಬಹುದಾದಷ್ಟು ಸಣ್ಣ ಉಸಿರು ಬಿಟ್ಟ. ಎದೆ ಎದ್ದಿತು. ತನ್ನ ಬಾಯಿ ಹಿಂದಕ್ಕೆ ತೆಗೆದ, ಎದೆ ಇಳಿಯಿತು. ಮತ್ತೆ ಬಿಟ್ಟ. ಹಾಗೇ ಬಿಡುತ್ತಲೇ ಇದ್ದ. ಬಿಸಿಲು ಮೆಟ್ಟಿಲಿಗೆ ಬಂದಾಗ ಬಳೆಗಾರ ಕೆಮ್ಮಿದ.

ಸಂಜೆ ಪಂಚರು ಸೇರಿದರು. ಬಳೆಗಾರ ಸತ್ತಿದ್ದರೆ ಶಂಖದವನ ಬಾಯಿ ಹೆಣ ಮುಟ್ಟಿದೆ, ಬದುಕಿದ್ದರೆ ಎಂಜಲು ಮುಟ್ಟಿದೆ. ಎರಡಕ್ಕೂ ಪ್ರಾಯಶ್ಚಿತ್ತ ಬೇರೆ ಬೇರೆ. ಅದು ತೀರ್ಮಾನವಾಗಲೆಂದು ಬಳೆಗಾರನನ್ನೇ ಕರೆಸಿ ಕೇಳಿದರು: “ನೀನು ಆಗ ಸತ್ತಿದ್ದೆಯೋ, ಬದುಕಿದ್ದೆಯೋ?”

“ಆಗ ನಾನು ಅಲ್ಲಿರಲಿಲ್ಲ ಸ್ವಾಮಿ,” ಎಂದ ಬಳೆಗಾರ.

ಹಾಗಾದರೆ ಸತ್ತಿದ್ದ ಎಂದು ಪಂಚರು ತೀರ್ಮಾನಿಸಿದರು. ದೇವರೆದುರು ನಿಂತು ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಸಾಕು, ಶುದ್ಧಿ ಮಾಡಿಸಿ ಶಂಖವನ್ನು ಹಿಂದಕ್ಕೆ ಕೊಡುತ್ತೇವೆ ಎಂದರು. ಅಷ್ಟು ಅಗ್ಗದ ಪ್ರಾಯಶ್ಚಿತ್ತ ಆ ಊರಿನಲ್ಲಿ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ.

ಶಂಖದವ ಬಳೆಗಾರನ ಕಡೆ ನೋಡಿದ. ಅವನು ಒಂದು ಮೂಲೆಯಲ್ಲಿ ಕುಳಿತು, ಯಾರ ಸಹಾಯವೂ ಇಲ್ಲದೆ ಉಸಿರಾಡುತ್ತಾ, ಒಡೆದ ಬಳೆಗಳನ್ನು ಬೇರೆ ಮಾಡುತ್ತಿದ್ದ.

“ಈ ಶಂಖಕ್ಕೆ ಇಷ್ಟು ವರ್ಷ ಊದಿದೆ. ನಾನು ನಿಲ್ಲಿಸಿದಾಗಲೆಲ್ಲ ಅದೂ ನಿಂತಿತು,” ಎಂದ ಶಂಖದವ. “ಇವನು ನಿಲ್ಲಲಿಲ್ಲ. ತಪ್ಪಾಯಿತು ಎನ್ನಲಾರೆ.”

ಶಂಖವನ್ನು ಪಂಚರ ಮುಂದಿಟ್ಟು ತಲೆಯೆತ್ತಿ ನಡೆದುಹೋದ. ಮಾರನೆಯ ಬೆಳಿಗ್ಗೆ ಬೇರೊಬ್ಬ ಊದಿದ. ಕೊಡ ನೀರು ಮುಟ್ಟುವ ಮುಂಚೆ ನಾದ ನಿಂತಿತು. ಶಂಖದವ ಮತ್ತೆಂದೂ ಆ ಕೊಡದ ಮಾತನ್ನು ಎತ್ತಲಿಲ್ಲ. ಆದರೆ ಬಳೆಗಾರ ಊರಿಗೆ ಬಂದು ಬೀದಿಯಲ್ಲಿ ಬಳೆಯೋ ಬಳೆ ಎಂದು ಕೂಗಿದಾಗಲೆಲ್ಲ, ಬಾಗಿಲಿಗೆ ಬಂದು ಎದೆ ಸೆಟೆಸಿ ನಿಂತು ಕೇಳುತ್ತಿದ್ದ. ಕೂಗೇನೂ ಉದ್ದವಾಗಿರಲಿಲ್ಲ.

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಆದರೂ ಗುರುಗಳೇ, ಹೆಣ ಮುಟ್ಟಿದ ಬಾಯಿ ಅದು. ಶಂಖಕ್ಕೆ ತಾಗಬಾರದಲ್ಲವೇ?”

ಗುರು ಅವನ ಕೈಯಲ್ಲಿದ್ದುದನ್ನು ನೋಡುತ್ತಾ ಹೇಳಿದ:

“ಶಂಖವೆಂದರೆ ಸತ್ತ ಕಡಲಹುಳುವಿನ ಚಿಪ್ಪು.”