ಜವರಪ್ಪ ಮಾವನ ಮನೇಲಿ ಗ್ಲಾಸು ಹಿಡಿದದ್ದು

ಹಾಲು ಉಕ್ಕೋದನ್ನ ನೋಡ್ತಿರಪ್ಪ ಅಂತ ಅವ್ವ ಹೇಳಿ ಹೋದರೆ, ಅದು ಉಕ್ಕಿ, ಸುರಿದು, ಒಲೆ ಆರಿ ಹೊಗೆ ಏಳುವವರೆಗೂ ರೆಪ್ಪೆ ಬಡಿಯದೆ ನೋಡಿದವನು ಒಬ್ಬನಿದ್ದ ಸ್ವಾಮಿ. ಹೆಸರು ಜವರಪ್ಪ, ಊರು ಹುಣಸೆಕೊಪ್ಪಲು, ವಯಸ್ಸು ಇಪ್ಪತ್ತಾರು. ತಾಯಿ ಸಣ್ಣತಾಯಮ್ಮ. ಆಕೆ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಕುಂಕುಮ ನಿಲ್ಲುತ್ತಿರಲಿಲ್ಲ ಅನ್ನೋಣ ಅಂದರೆ, ಗಂಡ ತೀರಿಹೋಗಿ ಕುಂಕುಮವೂ ಇರಲಿಲ್ಲ ಪಾಪ.

ಈ ಜವರನಿಗೆ ಸೋದರಮಾವನ ಮಗಳು ಇಂದ್ರಾಣಿ ಅಂದರೆ ಪ್ರಾಣ. ಊರಿನವರೆಲ್ಲ ಇವನನ್ನು ನೋಡಿ ನಗುತ್ತಿದ್ದರು. ಇಂದ್ರಾಣಿ ಒಬ್ಬಳು ಇವನ ಜೊತೆ ನಗುತ್ತಿದ್ದಳು. ಆ ವ್ಯತ್ಯಾಸ ಜವರನಿಗೂ ಗೊತ್ತಾಗಿತ್ತು ನೋಡಿ.

ಮಾವ ಮರಿಸ್ವಾಮಿ ಪಲ್ಟನ್ನಿನಲ್ಲಿ ಸುಬೇದಾರರಾಗಿದ್ದು ರಿಟೈರ್ ಆದವರು, ಪಕ್ಕದ ಕಲ್ಲುಬಾವಿಯಲ್ಲಿ ಮನೆ. ಬಿಳೀ ಮೀಸೆ, ನೆಟ್ಟನೆ ಬೆನ್ನು, ಮಿಲಿಟರಿ ಕ್ಯಾಂಟೀನಿನ ಬಾಟ್ಲಿಗಳ ಒಂದು ಬೀರು. ಸಣ್ಣತಾಯಮ್ಮ ಹೆಣ್ಣು ಕೇಳೋಕೆ ಹೋದಾಗ ಅವರು ಮೀಸೆ ನೀವಿಕೊಂಡು ಹೇಳಿದರು:

"ತಾಯಮ್ಮಿ, ಗಂಡಸಿನ ಗುಣ ಗ್ಲಾಸಲ್ಲಿ ಗೊತ್ತಾಯ್ತದೆ. ಎಷ್ಟು ಕುಡೀತಾನೆ ಅಂತಲ್ಲ, ಹೆಂಗೆ ಕುಡೀತಾನೆ ಅಂತ. ನಾಲ್ಕು ಭಾನುವಾರ ಕಳ್ಸು. ಸರಿಬಂದ್ರೆ ತಾಂಬೂಲದ ತಟ್ಟೆ. ಸರಿಬರ್ಲಿಲ್ವಾ, ಮೈಸೂರಿನ ವಕೀಲರ ಮಗ ಕಾಯ್ತಾವ್ನೆ!"

ಸಣ್ಣತಾಯಮ್ಮ ತಾನು ಕುಡಿದು ಕಂಡದ್ದು ಅಂದರೆ ನೀರು, ಮಜ್ಜಿಗೆ, ಶುಂಠಿ ಕಷಾಯ. ಅಷ್ಟೇ. ಮಗನನ್ನು ಕೂರಿಸಿಕೊಂಡು ಹೇಳಿದಳು: "ಲೋ ಜವರ, ಮಾವ ಏನ್ ಕೊಟ್ರೂ ಮುಖ ಸಿಂಡರಿಸಬ್ಯಾಡ. ಮಜ್ಜಿಗೆ ಕುಡಿದಂಗೆ ಕುಡಿ!"

"ಆಗ್ಲಿ ಕಣವ್ವ!"

ಹೋದ. ಬೆಳಿಗ್ಗೆ ಹನ್ನೊಂದಕ್ಕೆ ಮಾವನ ಜಗಲಿ ಮೇಲೆ ಕೂತ. ಸುಬೇದಾರರು ರಮ್ಮಿನ ಮುಚ್ಚಳ ತಿರುಗಿಸಿ, ಗ್ಲಾಸಿಗೆ ಕರ್ರಗೆ ಎರಡು ಬೆರಳಷ್ಟು ಬಿಟ್ಟರು. ಬೆರೆಸೋಣ ಅಂತ ನೀರಿನ ಚೊಂಬು ಎತ್ತಿದರೋ ಇಲ್ಲವೋ, ಜವರ ಅಡುಗೆಮನೆಗೆ ಓಡಿದ. ಉಪ್ಪು ತಂದ, ಕರಿಬೇವು ತಂದ, ಜಜ್ಜಿದ ಶುಂಠಿ ತಂದ. ಎಲ್ಲ ಹಾಕಿ, ಬೆರಳಲ್ಲಿ ಕಲಕಿ, ಗಟಗಟಗಟ!

"ಏನ್ಲಾ ಅದು!"

"ಒಗ್ಗರಣೆಗೆ ಪುರುಸೊತ್ತಿರ್ಲಿಲ್ಲ ಮಾವ, ಹಸೀದೇ ಹಾಕ್ದೆ."

ಸುಬೇದಾರರು ಮೀಸೆಯೊಳಗೇ ಏನೋ ನುಂಗಿಕೊಂಡರು. "ಹೋಗ್ಲಿ. ಹೆಂಗೈತೆ ಹೇಳು."

ಜವರ ಕಣ್ಣು ಮುಚ್ಚಿ ಯೋಚಿಸಿದ. "ಆಲೆಮನೇಲಿ ಬೆಲ್ಲದ ಕೊಪ್ಪರಿಗೆ ತಳ ಹತ್ತಿ, ಅದರೊಳಕ್ಕೆ ಯಾರೋ ಕೊಳ್ಳಿ ಇಟ್ಟಂಗೈತೆ ಮಾವ. ಮೂಗಲ್ಲಿ ಬಾಳೆಹಣ್ಣು ಕೊಳೀತಾ ಐತೆ. ಹೊಟ್ಟೇಲಿ ಮಾತ್ರ ದೀಪಾವಳಿ!"

ಮಾವನ ಹುಬ್ಬು ಒಂದು ಸಲ ಮೇಲೆ ಹೋಗಿ ಬಂತು. ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತರು, ಮುದ್ದೆ ಆಯಿತು, ಕೋಳಿಸಾರು ಆಯಿತು, ಕೊನೇ ಅನ್ನ ಬಂತು. ಜವರ ಎದ್ದು ಜಗಲಿಗೆ ಹೋಗಿ ಬಾಟ್ಲಿ ತಂದು, ಅನ್ನಕ್ಕೆ ರಮ್ಮು ಸುರಿದು, ಚೆನ್ನಾಗಿ ಕಿವುಚಿ, ಉಪ್ಪಿನಕಾಯಿ ನಂಚಿಕೊಂಡು ಸೊರ್ ಅಂತ ಉಂಡ. ಬಡಿಸುತ್ತಿದ್ದ ಅತ್ತೆ ಕಾಳಮ್ಮ ಸೌಟು ಕೆಳಗೆ ಹಾಕಿ, "ಅಯ್ಯಯ್ಯೋ, ಅನ್ನಪೂರ್ಣೇಶ್ವರೀ!" ಅಂತ ಕಿರುಚಿದಳು.

ಮನೆಗೆ ಬಂದ ಮೇಲೆ ತಾಯಿ ಕೇಳಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಒನಕೆ! ರಮ್ಮಲ್ಲಿ ಅನ್ನ ಕಲಸಿದ್ಯಾ!"

"ಮಜ್ಜಿಗೆ ಅಂದ್ಮೇಲೆ ಕೊನೇ ಅನ್ನಕ್ಕೆ ಹಾಕ್ದೆ ಇರ್ತಾರಾ ಅವ್ವ?" ಜವರನಿಗೆ ನಿಜವಾಗಿಯೂ ತಿಳಿಯಲಿಲ್ಲ. ಹೇಳಿದ್ದನ್ನೇ ಮಾಡಿದೆ, ಎಲ್ಲಿ ತಪ್ಪಿದೆ?

"ಗಟಗಟ ಕುಡೀಬಾರ್ದು ಕಣೋ! ಒಂದು ಗುಟುಕು ಬಾಯಲ್ಲಿ ಇಟ್ಕೊ. ಅವಸರ ಮಾಡಿ ನುಂಗಬ್ಯಾಡ. ಬಾಯಲ್ಲೇ ಇಟ್ಕೊಂಡಿರು!"

"ಆಗ್ಲಿ ಕಣವ್ವ!"

ಎರಡನೇ ಭಾನುವಾರ ಮಾವ ಬೀರುವಿನ ಹಿಂದಿನಿಂದ ಒಂದು ವಿಸ್ಕಿ ತೆಗೆದರು. ಸಾಮಾನ್ಯದ್ದಲ್ಲ. ಕರ್ನಲ್ ಸಾಹೇಬರು ವಿಲಾಯಿತಿಯಿಂದ ತಂದು ಕೊಟ್ಟದ್ದು, ಕೊಟ್ಟ ದಿನ ಅವರ ಮುಂದೆ ಒಂದು ಗುಟುಕು ಕುಡಿದದ್ದು ಬಿಟ್ಟರೆ ಹನ್ನೊಂದು ವರ್ಷದಿಂದ ಮುಚ್ಚಳ ತೆಗೆದಿರಲಿಲ್ಲ. ಹೊನ್ನಿನ ಬಣ್ಣ. ಜವರ ಒಂದು ಗುಟುಕು ಬಾಯಿಗೆ ಹಾಕಿದ. ಇಟ್ಟುಕೊಂಡ. ಇಟ್ಟುಕೊಂಡೇ ಇದ್ದ.

"ಹೆಂಗೈತೆ?"

"ಉಂ."

"ಮಳೆ ಬೆಳೆ ಎಲ್ಲ ಹೆಂಗೆ?"

"ಉಂ ಉಂ."

ಕಾಲು ಗಂಟೆ ಆಯಿತು, ಅರ್ಧ ಗಂಟೆ ಆಯಿತು. ಕೆನ್ನೆ ಎರಡೂ ಊದಿಕೊಂಡವು, ಕಣ್ಣಲ್ಲಿ ನೀರು ಬಂತು. ಇಂದ್ರಾಣಿ ಹುರಿದ ಕೋಳಿ ಈಲಿಯ ತಟ್ಟೆ ಹಿಡಿದು ಬಂದಳು. ಒಳ್ಳೇ ಮೆಣಸಿನಪುಡಿಯ ಘಾಟು!

"ಬಾವ, ಯಾಕೆ ಹಂಗೆ ಕಪ್ಪೆ ಥರ ಕೂತಿದ್ದೀಯ?"

ಘಾಟು ಮೂಗಿಗೆ ಏರಿತು. ಜವರ ತಡೆದ, ತಡೆದ, ತಡೆದ... "ಆಕ್ಷೀ!" ಹನ್ನೊಂದು ವರ್ಷ ಕಾದಿದ್ದ ವಿಸ್ಕಿ ಸುಬೇದಾರರ ಮೀಸೆಯಿಂದ ತೊಟ್ಟಿಕ್ಕಿತು. ಇಂದ್ರಾಣಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

"ಇದ್ಯಾವ ಸೀಮೆ ಕುಡಿಯೋದ್ಲಾ! ಕರ್ನಲ್ ಸಾಹೇಬ್ರು ಕೊಟ್ಟಿದ್ದು ಕಣೋ ಅದು!"

"ಹೊಗೆ ಮಾವ, ಬರೀ ಹೊಗೆ!" ಅಂತ ಜವರ ನಾಲಿಗೆ ಹೊರಗೆ ಹಾಕಿ ಗಾಳಿ ಬೀಸಿಕೊಂಡ. "ದೊಡ್ಡಾಸ್ಪತ್ರೆ ವಾರ್ಡಲ್ಲಿ ಗಾಯಕ್ಕೆ ಔಷಧಿ ಹಚ್ಚಿಸ್ಕೊಂಡು ಮಲಗಿರುವಾಗ, ಪಕ್ಕದ ಮಂಚದೋನು ಕದ್ದು ಬೀಡಿ ಸೇದಿದಂಗೈತೆ. ಆಮೇಲೆ ಸುಟ್ಟ ಜೋಳ. ಆಮೇಲೆ ಒಂಚೂರು ಜೇನು, ನಿಜ ಹೇಳ್ಬೇಕು ಅಂದ್ರೆ."

ಸುಬೇದಾರರು ಟವಲು ತೆಗೆದುಕೊಂಡು ಮೀಸೆ ಒರೆಸಿದರು. ಒರೆಸುವಾಗ ಮೀಸೆಯ ತುದಿ ನೆಕ್ಕಿದರು. ನೆಕ್ಕಿ, ಏನೋ ಯೋಚನೆಗೆ ಬಿದ್ದರು.

"ಅಯ್ಯೋ ನನ್ನ ಬೀಸೋ ಕಲ್ಲೇ!" ಅಂದಳು ತಾಯಿ. "ಅಣ್ಣನ ಮೀಸೆ ಮೇಲೆ ಉಗಿದ್ಯಾ!"

"ನುಂಗಬ್ಯಾಡ ಅಂದಿದ್ದೆ ನೀನು. ನುಂಗಲಿಲ್ಲ."

"ನೀನು ಹಿರೀಕರನ್ನ ಮರೆತೆ, ಅದಕ್ಕೇ ಹಿಂಗಾಯ್ತು! ನಿಮ್ಮಪ್ಪ ಪುಣ್ಯಾತ್ಮ, ಗ್ಲಾಸು ಹಿಡಿದ್ರೆ ಸತ್ತೋರ ಹೆಸರು ಹೇಳಿ ಎರಡು ಹನಿ ನೆಲಕ್ಕೆ ಬಿಡದೆ ತುಟಿಗೆ ತಾಗಿಸ್ತಿರ್ಲಿಲ್ಲ. ನೀನೂ ಹೆಸರು ಹೇಳಿ ಬಿಡು. ನಮ್ಮ ಕಡೆ, ಅವ್ರ ಕಡೆ, ಒಬ್ಬರನ್ನೂ ಬಿಟ್ಬಿಡಬ್ಯಾಡ! ಬಿಟ್ಟೋರಿಗೆ ಸಿಟ್ಟು ಬರ್ತದೆ!"

"ಆಗ್ಲಿ ಕಣವ್ವ!"

ಮೂರನೇ ಭಾನುವಾರ ಬ್ರಾಂದಿ. ಜವರ ಗ್ಲಾಸಿಗೆ ಬೆರಳು ಅದ್ದಿದ. "ನಮ್ಮಪ್ಪ ಕೆಂಪಯ್ಯನಿಗೆ." ಎರಡು ಹನಿ. "ತಾತ ಬೋಳಯ್ಯನಿಗೆ." ಎರಡು ಹನಿ. ಸುಬೇದಾರರ ಮುಖ ಅರಳಿತು. "ಭೇಷ್! ಹಿರೀಕರ ನೆನಪೈತೆ ಹುಡುಗನಿಗೆ!"

"ಮುತ್ತಾತನಿಗೆ. ಮುತ್ತಜ್ಜಿಗೆ. ಅಜ್ಜಿಯ ಓರಗಿತ್ತಿಗೆ. ಬಾವಿಗೆ ಬಿದ್ದ ದೊಡ್ಡಪ್ಪನಿಗೆ. ಅವನನ್ನ ಎತ್ತೋಕೆ ಹೋಗಿ ಬಿದ್ದ ಚಿಕ್ಕಪ್ಪನಿಗೆ." ಗ್ಲಾಸು ಖಾಲಿ. ಮಾವ ಇನ್ನೊಂದು ಬಿಟ್ಟರು. ಜವರ ಅವರ ಕಡೆಯವರನ್ನು ಶುರು ಮಾಡಿದ. ಜಗಲಿ ನೆನೆಯಿತು, ಇರುವೆ ಬಂದವು, ಬಂದ ಇರುವೆ ದಾರಿ ತಪ್ಪಿ ಸುತ್ತತೊಡಗಿದವು.

"ಸಾಕು ಬಿಡ್ಲಾ. ಕುಡಿದು ಹೇಳು, ಹೆಂಗೈತೆ?"

"ಗೊತ್ತಿಲ್ಲ ಮಾವ. ತಾತ ಇನ್ನೂ ಏನೂ ಹೇಳಿಲ್ಲ." ಜವರ ಬೆರಳು ಮೂಸಿದ. "ವಾಸನೆ ಮಾತ್ರ ಒಣದ್ರಾಕ್ಷಿ ಡಬ್ಬಿಯೊಳಗೆ ಮಕ್ಕಳ ಕೆಮ್ಮಿನ ಔಷಧಿ ಚೆಲ್ಲಿದಂಗೈತೆ." ಮತ್ತೆ ಬೆರಳು ಅದ್ದಿದ. ಇನ್ಯಾರು ಉಳಿದರು? ಒಬ್ಬರನ್ನೂ ಬಿಡಬ್ಯಾಡ ಅಂದಿದ್ದಾಳೆ ಅವ್ವ. ತಿರುಗಿ ನೋಡಿದ. ಕಂಡರು!

"ಕಾಳಮ್ಮತ್ತೆಗೆ." ಎರಡು ಹನಿ. "ಮರಿಸ್ವಾಮಿ ಮಾವನಿಗೆ." ಎರಡು ಹನಿ.

"ನಾನಿನ್ನೂ ಬದುಕಿದ್ದೀನಿ ಕಣೋ!"

"ಸಿಟ್ಟು ಮಾಡ್ಕೋಬ್ಯಾಡಿ ಮಾವ, ನಿಮಗೆ ಮೂರು ಹನಿ ಬಿಡ್ತೀನಿ!"

ಅತ್ತೆ ಪೊರಕೆ ಹಿಡಿದಳು. ಜವರ ಹುಣಸೆಕೊಪ್ಪಲಿನವರೆಗೂ ಓಡಿದ.

"ಅಯ್ಯೋ ನನ್ನ ಹಟ್ಟಿ ಗೂಟವೇ! ಬದುಕಿರೋರಿಗೆ ಎಡೆ ಇಟ್ಯಾ!" ಈ ಸಲ ಸಣ್ಣತಾಯಮ್ಮ ಬಯ್ಯುತ್ತ ಬಯ್ಯುತ್ತ ಅತ್ತುಬಿಟ್ಟಳು. "ಇನ್ನೊಂದೇ ಭಾನುವಾರ ಕಣೋ. ಇದೂ ಹೋದ್ರೆ ಇಂದ್ರಾಣಿ ಮೈಸೂರಿಗೆ ಹೋಯ್ತಾಳೆ, ನನಗೆ ತವರಿನ ಬಾಗಿಲು ಮುಚ್ತದೆ."

ಇಂದ್ರಾಣಿ ಮೈಸೂರಿಗೆ ಹೋದರೆ ಅವನ ಜೊತೆ ನಗುವವರು ಯಾರು? "ಏನ್ ಮಾಡ್ಲಿ ಹೇಳವ್ವ. ಹೇಳಿದ್ದನ್ನೇ ಮಾಡ್ತೀನಿ."

"ಅದೇ ನನ್ನ ಭಯ," ಅಂದಳು ತಾಯಿ. ಕಣ್ಣೊರೆಸಿಕೊಂಡು ಬಹಳ ಹೊತ್ತು ಯೋಚಿಸಿ, ಇದರಲ್ಲಿ ತಪ್ಪೋಕೆ ಜಾಗವೇ ಇಲ್ಲ ಅಂತ ಧೈರ್ಯ ಮಾಡಿ ಹೇಳಿದಳು: "ನಿನ್ನ ಬುದ್ಧಿ ಒಂದಿಷ್ಟೂ ಖರ್ಚು ಮಾಡಬ್ಯಾಡ. ಮಾವ ಏನ್ ಮಾಡ್ತಾರೋ ಅದನ್ನೇ ಮಾಡು. ಮಾವ ಏನಂತಾರೋ ಅದನ್ನೇ ಅನ್ನು. ನಾನು ಸಾಕು ಅನ್ನೋವರ್ಗೂ!"

"ಆಗ್ಲಿ ಕಣವ್ವ!"

ನಾಲ್ಕನೇ ಭಾನುವಾರ ತಾಯಿಯೂ ಜೊತೆಗೆ ಹೋದಳು. ಊರ ಯಜಮಾನ ಕುಳ್ಳೇಗೌಡರು ಬಂದು ಚಾಪೆ ಮೇಲೆ ಕೂತಿದ್ದರು. ಎದುರಿಗೆ ಜಿನ್ನಿನ ಬಾಟ್ಲಿ, ತಿಳಿನೀರಿನ ಹಾಗೆ. ಮಾವ ಗ್ಲಾಸು ಎತ್ತಿದರು, ಜವರ ಎತ್ತಿದ. ಮಾವ ಗುಟುಕರಿಸಿದರು, ಜವರ ಗುಟುಕರಿಸಿದ. ಮಾವ ಇಳಿಸಿದರು, ಜವರ ಇಳಿಸಿದ. ಸಣ್ಣತಾಯಮ್ಮ ಬಾಗಿಲ ಸಂದಿಯಿಂದ ನೋಡಿ ಮನೆದೇವರಿಗೆ ಕೈ ಮುಗಿದಳು.

"ಹೆಂಗೈತೆ?" ಅಂದರು ಮಾವ.

"ಹೆಂಗೈತೆ?" ಅಂದ ಜವರ.

"ನಾನು ನಿನ್ನ ಕೇಳಿದ್ದು!"

"ನಾನು ನಿನ್ನ ಕೇಳಿದ್ದು!"

ಮಾವನ ಮೀಸೆ ನಿಮಿರಿತು. "ಲೇ ಇವಳೇ, ಬಾ ಇಲ್ಲಿ, ನೋಡು ಇವನ್ನ!" ಅಂತ ಹೆಂಡತಿಯನ್ನು ಕೂಗಿದರು.

"ಲೇ ಇವಳೇ, ಬಾ ಇಲ್ಲಿ, ನೋಡು ಇವನ್ನ!" ಅಂತ ಜವರನೂ ಅತ್ತೆಯನ್ನು ಕೂಗಿದ.

ಪೊರಕೆ ಮತ್ತೆ ಹೊರಗೆ ಬಂತು. ಸುಬೇದಾರರು ಎದ್ದರು, ಜವರ ಎದ್ದ. ಅವರು ಪಂಚೆ ಎತ್ತಿ ಕಟ್ಟಿದರು, ಇವನೂ ಕಟ್ಟಿದ. ಇನ್ನೇನು ಮುಗಿಯಿತು ಅನ್ನುವಾಗ ಇಂದ್ರಾಣಿ ನಡುವೆ ಬಂದು ನಿಂತಳು.

"ತಾಳಪ್ಪಾ! ಬಾವ, ಅತ್ತೆ ಏನ್ ಹೇಳಿ ಕರ್ಕೊಂಡು ಬಂದ್ರು?"

ಅವ್ವ ಹೇಳಿದ್ದು ಮಾವನ ಮಾತಿಗೆ ಮಾತ್ರ. ಇಂದ್ರಾಣಿಗೆ ಜವರ ನೆಟ್ಟಗೆ ಉತ್ತರ ಕೊಟ್ಟ. "ಮಾವ ಅಂದಿದ್ದನ್ನೇ ಅನ್ನು ಅಂದ್ಲು ಅವ್ವ."

"ಹಂಗಾದ್ರೆ ನಾನ್ ಕೇಳ್ತೀನಿ. ಅದು ಹೆಂಗೈತೆ ಬಾವ?"

"ಇದಾ? ನಿಂಬೆಸೊಪ್ಪು, ಪಚ್ಚಕರ್ಪೂರ ಹಾಕಿದ ತೀರ್ಥ ಅಂತ ನಂಬ್ಕೊಂಡು ಬಾಯಿಗೆ ಬಿಟ್ಕೊಂಡೆ. ಒಳಗೆ ಹೋದ್ಮೇಲೆ ಪೂಜಾರಿ ಬೈದಂಗೈತೆ!"

ಕುಳ್ಳೇಗೌಡರು ತೊಡೆ ತಟ್ಟಿ ನಕ್ಕರು. ಸುಬೇದಾರರು ನಗಲಿಲ್ಲ. ಪಂಚೆ ಇಳಿಬಿಟ್ಟು ಮೆಲ್ಲಗೆ ಕೂತರು. "ಗೌಡ್ರೇ, ಮೂವತ್ತು ವರ್ಷ ಪಲ್ಟನ್ನಲ್ಲಿದ್ದೆ. ಗ್ಲಾಸಿಗೆ ಏನ್ ಹಾಕ್ಕೊಟ್ರೂ ಎಲ್ರೂ 'ಫಸ್ಟ್ ಕ್ಲಾಸ್ ಸಾಬ್' ಅನ್ನೋರೇ. ವಕೀಲರ ಮಗನೂ ಹಂಗೇ ಅಂದ. ಆ ವಿಲಾಯಿತಿ ವಿಸ್ಕಿ ಆಸ್ಪತ್ರೆ ವಾಸನೆ ಅಂತ ನಂಗೂ ಒಂದು ಸಲ ಅನ್ನಿಸಿತ್ತು. ಕರ್ನಲ್ ಸಾಹೇಬ್ರ ಮುಂದೆ ಬಾಯಿ ಬರ್ಲಿಲ್ಲ. ಇವನಿಗೆ ಬಂತು. ಲೇ, ತಟ್ಟೆ ತಾ!"

"ಲೇ, ತಟ್ಟೆ ತಾ!" ಅಂದ ಜವರ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಲೆ ಅಡಿಕೆ, ತೆಂಗಿನಕಾಯಿ ಇಟ್ಟ ತಟ್ಟೆ ಬಂತು. ಆ ಸೀಮೆಯಲ್ಲಿ ತಟ್ಟೆ ಹಿಡಿದು ಆಡಿದ ಮಾತು ಆಡಿದ್ದೇ, ತಿರುಗಿಸೋ ಹಾಗಿಲ್ಲ. ಸುಬೇದಾರರು ತಟ್ಟೆ ಹಿಡಿದು ಗಂಟಲು ಸರಿಮಾಡಿಕೊಂಡರು. "ದೈವದ ಮುಂದೆ ಹೇಳ್ತೀನಿ. ನನ್ನ ಮಗಳನ್ನ ನಿಂಗೆ ಕೊಟ್ಟೆ!"

ಜವರ ತಟ್ಟೆ ಇಸಿದುಕೊಂಡು ಗಂಟಲು ಸರಿಮಾಡಿಕೊಂಡ. "ದೈವದ ಮುಂದೆ ಹೇಳ್ತೀನಿ. ನನ್ನ ಮಗಳನ್ನ ನಿಂಗೆ ಕೊಟ್ಟೆ!"

ಎಲ್ಲರೂ ಯಜಮಾನರ ಮುಖ ನೋಡಿದರು. ಕುಳ್ಳೇಗೌಡರು ಎಲೆಗೆ ಸುಣ್ಣ ಸವರಿ, ಮಡಿಚಿ, ಬಾಯಿಗಿಟ್ಟು, ಅಗಿದು ತೀರ್ಪು ಕೊಟ್ಟರು: "ತಟ್ಟೆ ಮೇಲಿನ ಮಾತು. ನಡೆಸಿಕೊಡಲೇಬೇಕು. ತನಗೆ ಮುಂದೆ ಹುಟ್ಟೋ ಮಗಳನ್ನ ಅಜ್ಜನ ತೊಡೆ ಮೇಲೆ ಕೂರಿಸ್ತೀನಿ ಅಂದವ್ನೆ ಹುಡುಗ. ಅದಕ್ಕೆ ಮೊದಲು ಮದುವೆ ಆಗ್ಬೇಕಲ್ಲ? ಬೇಗ ಮುಗಿಸಿ!"

ಮುಗಿಸಿದರು ಸ್ವಾಮಿ. ಹದಿನೈದು ದಿನದಲ್ಲಿ ಮಾವನ ಮನೆ ಮುಂದೆಯೇ ಚಪ್ಪರ. ಧಾರೆ ಆಯಿತು, ಕೊರಳಿಗೆ ತಾಳಿ ಬಿತ್ತು, ಊಟ ಆಯಿತು. ಕೊನೇ ಅನ್ನಕ್ಕೆ ಮಜ್ಜಿಗೆಯೇ ಬಿತ್ತು. ಸಣ್ಣತಾಯಮ್ಮ ಸಂತೋಷದಲ್ಲಿ ಎಲ್ಲವನ್ನೂ ಮರೆತಳು. ಒಂದು ಮಾತು ಹೇಳುವುದನ್ನೂ ಮರೆತಳು.

ಸಂಜೆ ನಾಲ್ಕಕ್ಕೆ ಹೆಣ್ಣೊಪ್ಪಿಸುವ ಶಾಸ್ತ್ರ. ಬಾಗಿಲಲ್ಲಿ ಜೀಪು ನಿಂತಿತ್ತು. ಸುಬೇದಾರರು ಮಗಳ ತಲೆ ಸವರಿದರು, ಜವರನೂ ಸವರಿದ. ಅವರು ಬಿಕ್ಕಿದರು, ಇವನೂ ಬಿಕ್ಕಿದ. ನೋಡಿದವರು, "ಅಳಿಮಯ್ಯನ ಮನಸ್ಸು ಬೆಣ್ಣೆ!" ಅಂದರು. ಸುಬೇದಾರರು ಮಗಳನ್ನು ಅತ್ತೆಯ ಪಕ್ಕ ಜೀಪಿನಲ್ಲಿ ಕೂರಿಸಿ, "ಚೆನ್ನಾಗಿ ಬಾಳವ್ವ, ಅತ್ತೇನ ಚೆನ್ನಾಗಿ ನೋಡ್ಕೊ" ಅಂದರು.

"ಚೆನ್ನಾಗಿ ಬಾಳವ್ವ, ಅತ್ತೇನ ಚೆನ್ನಾಗಿ ನೋಡ್ಕೊ" ಅಂದ ಜವರ.

ಇನ್ನು ನೋಡಲಾರೆ ಅಂತ ಸುಬೇದಾರರು ಟವಲಿನಿಂದ ಮುಖ ಮುಚ್ಚಿಕೊಂಡು, ತಿರುಗಿ ದಡದಡ ಮನೆಯೊಳಗೆ ಹೋದರು. ಜವರನೂ ಟವಲಿನಿಂದ ಮುಖ ಮುಚ್ಚಿಕೊಂಡು, ತಿರುಗಿ ದಡದಡ ಮನೆಯೊಳಗೆ ಹೋದ. ಹೋಗಿ ಅಗುಳಿಯನ್ನೂ ಹಾಕಿಕೊಂಡ.

ಮದುಮಗ ಹಿಂದುಗಡೆ ಹತ್ತಿದ ಅಂದುಕೊಂಡು ಡ್ರೈವರು ಜೀಪು ಬಿಟ್ಟೇಬಿಟ್ಟ. ಊರ ಗಡಿ ದಾಟುವಾಗ ಇಂದ್ರಾಣಿ ತಿರುಗಿ ನೋಡಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಅತ್ತೆ, ಬಾವನಿಗೆ ಸಾಕು ಅಂತ ಹೇಳಿದ್ರಾ?"

ಸಣ್ಣತಾಯಮ್ಮನ ಕೈ ತಾನಾಗಿಯೇ ಹಣೆಗೆ ಹೋಯಿತು.

ಅತ್ತ ಕಲ್ಲುಬಾವಿಯಲ್ಲಿ, ಮಗಳಿಲ್ಲದ ಮನೆಯ ಕಂಬಕ್ಕೆ ಒರಗಿ ಸುಬೇದಾರರು ಗೋಳೋ ಅಂತ ಅಳುತ್ತಿದ್ದರು. ಎದುರಿನ ಕಂಬಕ್ಕೆ ಒರಗಿ, ಬಾಸಿಂಗ ಕಟ್ಟಿಕೊಂಡ ಮದುಮಗನೂ ಗೋಳೋ ಅಂತ ಅಳುತ್ತಿದ್ದ.