ಜವರನೂ ಇಬ್ಬರು ಮೆಂಬರೂ

ನಗೋಕೆ ಹಲ್ಲಿರೋರು ಹತ್ರ ಬನ್ನಿ, ಹಲ್ಲಿಲ್ಲದೋರು ಇನ್ನೂ ಹತ್ರ ಬನ್ನಿ. ಇದು ಮೇಲ್ಕೇರಿ ಜವರನ ಕತೆ.

ಮೇಲ್ಕೇರೀಲಿ ದೇವೀರಮ್ಮ ಅಂತ ಒಬ್ಬಳಿದ್ಲು. ಗಂಡ ಹೋಗಿ ಎಷ್ಟೋ ಕಾಲ ಆಗಿತ್ತು, ಇದ್ದೋನು ಒಬ್ಬನೇ ಮಗ, ಜವರ. ಆಳೇನೋ ಬಾಗಿಲಿಗೆ ತಲೆ ತಗಲೋ ಹಂಗೆ ಬೆಳೆದಿದ್ದ. ಬುದ್ಧಿ ಮಾತ್ರ ತೊಟ್ಟಿಲಲ್ಲೇ ಮಲಗಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಅದೇ ಅವಳ ಗೋಳು! ಬಾಗಿಲ ಮೇಲೆ ಕಣ್ಣಿಟ್ಟಿರು ಅಂತ ಹೇಳಿ ಹೋದ್ರೆ, ಬಾಗಿಲ ಮೇಲಿಂದ ಕಣ್ಣು ಕೀಳಲಿಲ್ಲ ಪುಣ್ಯಾತ್ಮ. ಹಿಂದೆ ಕಿಟಕಿಯಿಂದ ಬೆಕ್ಕು ಬಂದು ಹಾಲು ಕುಡ್ಕೊಂಡು ಹೋಯ್ತು.

ದೇವೀರಮ್ಮಂಗೆ ಇದ್ದಿದ್ದು ಒಂದೇ ಆಸೆ. ಮನೆ ಮುಂದೆ ಒಂದು ನಲ್ಲಿ ಬರಬೇಕು. ಕೆಳಗಿನ ಬೋರ್‌ವೆಲ್‌ನಿಂದ ದಿಬ್ಬ ಹತ್ತಿ ನೀರು ಹೊತ್ತು ಹೊತ್ತು ಸೊಂಟ ಬಿದ್ದುಹೋಗಿತ್ತು. ನಲ್ಲಿ ಹಾಕಿಸೋದು ಯಾರ ಕೈಲಿ? ಪಟ್ಟಣ ಪಂಚಾಯ್ತಿ ಮೆಂಬರು ಚೆಲುವರಾಜಣ್ಣನ ಕೈಲಿ. ಅವರ ಹೆಗಲ ಮೇಲೆ ಜರಿ ಶಾಲು, ಮೂಗಿನ ಕೆಳಗೆ ಪೊರಕೆಯಂಥ ಮೀಸೆ.

ಆ ಊರಲ್ಲೊಂದು ಕೇಬಲ್ ಟೀವಿ. ದಿನಾ ಸಂಜೆ ಅದರಲ್ಲಿ ಒಬ್ಬ ಅದೇ ಥರ ಜರಿ ಶಾಲು ಹೊದ್ದು, ಅದೇ ಥರ ಮೀಸೆ ಅಂಟಿಸ್ಕೊಂಡು, ಮೆಂಬರ ಹಂಗೇ ಮಾತಾಡಿ ಗೇಲಿ ಮಾಡೋನು. ಗುರುಸ್ವಾಮಿ ಹೋಟ್ಲಲ್ಲಿ ಊರೆಲ್ಲ ಸೇರಿ ಬಿದ್ದು ಬಿದ್ದು ನಗೋದು. ಬೆಳಿಗ್ಗೆ ಎದ್ದು ಅದೇ ಜನ ನಿಜವಾದ ಮೆಂಬರಿಗೆ ನಡು ಬಗ್ಗಿಸಿ ಕೈ ಮುಗಿಯೋದು. ಎಲ್ಲರಿಗೂ ಇದು ಸಲೀಸಾಗಿ ಬರ್ತಿತ್ತು, ಜವರನಿಗೊಬ್ಬನಿಗೆ ಬರ್ತಿರಲಿಲ್ಲ.

ಒಂದಿನ ಜವರನೂ ಹೋಗಿ ಕೂತ. ಟೀವಿಯೋನು ಮೀಸೆ ತೀಡಿ ಹೇಳ್ದ, "ಮೇಲ್ಕೇರಿಗೆ ನಲ್ಲಿ ಯಾಕ್ರಪ್ಪಾ? ನಲ್ಲಿ ಹಾಕ್ಸಿದ್ರೆ ಆಮೇಲೆ ನೀರೂ ಕೇಳ್ತೀರ!"

ಹೋಟ್ಲೇ ಹಾರಿ ಹೋಗೋ ಹಂಗೆ ನಗು. ಜವರ ಮಾತ್ರ ಬಾಯಿ ಬಾಯಿ ಬಡ್ಕೊಂಡು ಅತ್ತ. "ಅಯ್ಯೋ, ನಮ್ಮವ್ವಂಗೆ ನಲ್ಲಿ ಇಲ್ವಂತೆ! ನಮ್ಮವ್ವನ ಸೊಂಟ ಹೋಯ್ತು!" ನಗೋರಿಗೆ ನಗು ಕೆಟ್ಟೋಯ್ತು. ಎತ್ತಿ ಆಚೆ ಬಿಟ್ರು.

ದೇವೀರಮ್ಮ ಹಣೆ ಚಚ್ಕೊಂಡ್ಲು. "ಅಯ್ಯೋ ದಡ್ಡ ಶಿಖಾಮಣಿ! ಅದು ನಗೋಕೆ ಕಣ್ಲಾ! ಆ ಜರಿ ಶಾಲು ಕಂಡ್ರೆ ಸಾಕು, ಹೊಟ್ಟೆ ಹಿಡ್ಕೊಂಡು ನಗಬೇಕು. ಗೊತ್ತಾಯ್ತಾ?"

"ಗೊತ್ತಾಯ್ತವ್ವಾ. ಶಾಲು ಕಂಡ್ರೆ ನಗಬೇಕು."

ಮಾರನೇ ದಿನ ಪಕ್ಕದ ಮನೆ ಮುದುಕ ಮಲ್ಲಯ್ಯ ತೀರ್ಕೊಂಡ. ಹೆಣ ಅಂಗಳದಲ್ಲಿ, ಹೆಂಗಸರು ಸುತ್ತ ಕೂತು ಅಳ್ತಾವ್ರೆ. ಮೆಂಬರು ಬಂದ್ರು. ಶಾಲು ಸರಿ ಮಾಡ್ಕೊಂಡು, ಮುಖ ಸಣ್ಣದು ಮಾಡ್ಕೊಂಡು, ಹಾರ ಹಾಕೋಕೆ ಬಗ್ಗಿದ್ರು. ಹೊರಗೆ ಬಂದಾಗ ನಲ್ಲಿ ವಿಷಯ ತೆಗೀಬೇಕು ಅಂತ ದೇವೀರಮ್ಮ ಕಾಯ್ತಿದ್ಲು.

ಜವರ ಶಾಲು ನೋಡ್ದ. ಹೊಟ್ಟೆ ಹಿಡ್ಕೊಂಡ. "ಹಹ್ಹಹ್ಹಾ! ಹೊಹ್ಹೊಹ್ಹೋ!" ಹೆಣದ ಕಾಲ ಹತ್ರ ಹೊರಳಾಡಿ ನಕ್ಕ. ಅಳೋ ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡ್ರು. ಮೆಂಬರು ಮುಖ ಕೆಂಪು ಮಾಡ್ಕೊಂಡು ಜೀಪು ಹತ್ತಿದ್ರು.

"ನಿನ್ ಬಾಯಿಗೆ ಮಣ್ಣಾಕ!" ಅಂತ ಬೈದ್ಲು ದೇವೀರಮ್ಮ. "ಆ ಶಾಲು ಕಂಡ್ರೆ ಎದ್ದು ನಿಂತು ಕೈ ಮುಗೀಬೇಕು! ಅವ್ರು ಕೂತ್ಕೋ ಅನ್ನೋ ತನಕ ಕೂರಬಾರದು!"

"ಗೊತ್ತಾಯ್ತವ್ವಾ. ಅವ್ರು ಹೇಳೋ ತನಕ ಕೂರಬಾರದು."

ಸಂಜೆ ಹೋಟ್ಲಲ್ಲಿ ಟೀವಿಯೋನು ಬಂದ. ಜವರ ದಡಕ್ಕಂತ ಎದ್ದ. ಟೀವಿ ಮುಂದೆ ಕಂಬದಂಗೆ ನಿಂತು ಕೈ ಮುಗಿದ.

"ಕೂತ್ಕೊಳ್ಳೋ!"

"ಅವ್ರು ಹೇಳ್ಲಿ."

"ಲೋ, ಏನೂ ಕಾಣಿಸ್ತಿಲ್ಲ ಕಣ್ಲಾ, ಕೂತ್ಕೊಳ್ಳೋ!"

"ಅವ್ರು ಹೇಳ್ಲಿ!"

ಅವರೆಲ್ಲಿ ಹೇಳ್ತಾರೆ? ಆಟ ಮುಗಿದು ಸಾಬೂನಿನ ಜಾಹೀರಾತು ಬಂತು. ಊರೋರಿಗೆ ಅವತ್ತು ಕಂಡಿದ್ದು ಜವರನ ಬೆನ್ನು ಮಾತ್ರ. ಆ ಬೆನ್ನಿಗೇ ನಾಲ್ಕು ಗುದ್ದಿ ಕಳಿಸಿದ್ರು.

"ಟೀವಿ ಒಳಗಿರೋನು ವೇಷದೋನು ಕಣೋ ಮಂಕೆ!" ಅಂದ್ಲು ತಾಯಿ, ಬೆನ್ನಿಗೆ ಎಣ್ಣೆ ತಿಕ್ತಾ. "ಅವನ ಮೀಸೆ ಅಂಟಿಸಿರೋದು, ಎಳೆದ್ರೆ ಕಿತ್ತು ಬರುತ್ತೆ. ನಿಜವಾದ ಮೆಂಬರ ಮೀಸೆ ಬರಲ್ಲ. ಅಷ್ಟು ತಿಳ್ಕೊಂಡ್ರೆ ಸಾಕು ನೀನು."

"ಗೊತ್ತಾಯ್ತವ್ವಾ. ಎಳೆದು ತಿಳ್ಕೋಬೇಕು."

ಅವಳು ಸರಿಯಾಗಿ ಕೇಳಿಸ್ಕೊಂಡಿದ್ರೆ ಚೆನ್ನಾಗಿತ್ತು. ಕೇಳಿಸ್ಕೊಳ್ಳಲಿಲ್ಲ. ಬೆಳಿಗ್ಗೆ ಮಗನ್ನ ಕರ್ಕೊಂಡು, ಬುಟ್ಟಿ ತುಂಬ ಅವರೆಕಾಯಿ ಹೊತ್ಕೊಂಡು, ತಪ್ಪಾಯ್ತು ಅನ್ನೋಕೆ ಮೆಂಬರ ಮನೆಗೆ ಹೋದ್ಲು. ಅವರೆಕಾಯಿ ನೋಡಿ ಮೆಂಬರ ಮುಖ ಅರಳ್ತು. "ಬಾ ದೇವೀರಮ್ಮ, ಹುಡುಗ ಏನೋ ಗೊತ್ತಿಲ್ದೆ ನಕ್ಕ, ಹೋಗ್ಲಿ ಬಿಡು" ಅಂದ್ರು. ನಲ್ಲಿ ಇನ್ನೇನು ಬಂದೇಬಿಡ್ತು ಅನ್ಕೊಂಡ್ಲು ಪಾಪ.

ಜವರ ಮುಂದೆ ಹೋದ, ಎರಡೂ ಕೈಲಿ ಮೀಸೆ ಹಿಡಿದ, ಎಳೆದ!

"ಅಯ್ಯಯ್ಯೋ! ಬಿಡ್ಲಾ! ಸತ್ತೆ!"

"ಬರ್ತಾ ಇಲ್ಲ ಕಣವ್ವಾ! ನಿಜವಾದೋರೇ! ಕೈ ಮುಗಿ!"

ಮೆಂಬರ ಕಣ್ಣಲ್ಲಿ ನೀರು, ಜವರನ ಬೆರಳಲ್ಲಿ ಒಂದಷ್ಟು ಕೂದಲು. "ನಾನು ಬದುಕಿರೋ ತನಕ ಮೇಲ್ಕೇರಿಗೆ ನಲ್ಲಿ ಇಲ್ಲ!" ಅಂತ ಕೂಗಿ ಬಾಗಿಲು ಹಾಕ್ಕೊಂಡ್ರು. ಅವರೆಕಾಯಿ ಮಾತ್ರ ಒಳಗೇ ಉಳೀತು.

ದಾರಿ ಉದ್ದಕ್ಕೂ ದೇವೀರಮ್ಮ ಅತ್ಲು. ಸಿಟ್ಟಿಗಲ್ಲ, ಸಂಕಟಕ್ಕೆ. ಇನ್ನು ಸಾಯೋ ತನಕ ಆ ದಿಬ್ಬ ತನಗೆ ತಪ್ಪಿದ್ದಲ್ಲ ಅನ್ನಿಸ್ತು. "ಸಾಕಪ್ಪಾ ನಿನ್ನ ತಿಳುವಳಿಕೆ! ಇನ್ಮೇಲೆ ಯಾರನ್ನೂ ಮುಟ್ಟಬೇಡ, ಪರೀಕ್ಷೆ ಮಾಡಬೇಡ. ಶಾಲು ಹೊದ್ದೋರು ಏನು ಹೇಳ್ತಾರೋ ಅದನ್ನ ನಂಬು, ಅಷ್ಟೇ ಮಾಡು!"

"ಗೊತ್ತಾಯ್ತವ್ವಾ. ನಂಬಬೇಕು."

ಆ ಸಂಜೆ ಟೀವಿಯೋನು ಮೀಸೆಗೆ ಬ್ಯಾಂಡೇಜು ಕಟ್ಕೊಂಡು ಬಂದ. ಊರಲ್ಲಿ ಸುದ್ದಿ ನಿಲ್ಲುತ್ತಾ? "ಮೇಲ್ಕೇರಿಯ ತಾಯಂದಿರೇ! ಬೆಳಿಗ್ಗೆ ಕೊಡ ತಗೊಂಡು ನಮ್ಮನೆ ಮುಂದೆ ಸಾಲಾಗಿ ನಿಲ್ಲಿ! ಗಂಗಮ್ಮನ್ನೇ ಕರೆಸ್ತೀನಿ!" ಜನ ನಕ್ಕು ನಕ್ಕು ಕಣ್ಣೊರೆಸ್ಕೊಂಡು, ಟೀ ಕುಡಿದು, ಮನೆಗೆ ಹೋಗಿ ಮಲಗಿದ್ರು.

ಜವರ ನಗಲಿಲ್ಲ. ನಂಬಿದ. ಬೆಳಕು ಹರಿಯೋ ಮುಂಚೆ ಕೊಡ ತಗೊಂಡು ನಿಜವಾದ ಮೆಂಬರ ಗೇಟಿನ ಮುಂದೆ ನಿಂತ.

"ಏನೋ ಜವರ?" ಅಂದ್ಲು ದಾರೀಲಿ ಹೋಗೋಳು.

"ಇವತ್ತು ಇಲ್ಲಿ ನೀರು ಕೊಡ್ತಾರಕ್ಕೋ. ಮೆಂಬ್ರು ಹೇಳವ್ರೆ."

ನೀರು ಅಂದ್ರೆ ಕೇಳಬೇಕಾ! ಅವಳು ಕೊಡ ತಂದ್ಲು, ಅವಳನ್ನ ನೋಡಿ ಇನ್ನೊಬ್ಬಳು ತಂದ್ಲು. ಅದು ತಮಾಷೆಗೆ ಹೇಳಿದ್ದು ಅಂತ ಗೊತ್ತಿದ್ದೋರೂ ಬಂದ್ರು. "ಇಟ್ರೆ ನಮ್ಮಪ್ಪನ ಗಂಟೇನು ಹೋಗುತ್ತೆ?" ಅಂತ ಅವರೂ ಇಟ್ರು. ಸಾಲು ಬಸ್ ಸ್ಟ್ಯಾಂಡ್ ಮುಟ್ತು. ಕೇಬಲ್ ಟೀವಿಯೋರು ಕ್ಯಾಮೆರಾ ಹೊತ್ಕೊಂಡು ಓಡಿ ಬಂದ್ರು.

ಮೆಂಬರು ಬಾಯಲ್ಲಿ ಬ್ರಷ್ಷು ಇಟ್ಕೊಂಡು ಗೇಟು ತೆಗೆದ್ರು. ನೋಡಿದ್ರೆ ಕೊಡ, ಕೊಡ, ಕೊಡ! ಕೊನೇಲಿ ಕ್ಯಾಮೆರಾ! ಬಾಯಲ್ಲಿದ್ದ ನೊರೆ ಗುಳುಕ್ಕಂತ ನುಂಗಿದ್ರು.

"ಸಾರ್, ನೀರು ಯಾವಾಗ?"

"ಇವತ್ತೇ ಪೈಪು ಹಾಕಿಸ್ತೀನಿ!" ಅಂದ್ರು ಎದೆ ಸೆಟೆಸಿ. "ನಾನು ಒಂದ್ಸಲ ಮಾತು ಕೊಟ್ಟೆ ಅಂದ್ರೆ ಮುಗೀತು!"

ಕೊಟ್ಟಿದ್ದು ಯಾರು, ಉಳಿಸ್ಕೊಂಡಿದ್ದು ಯಾರು! ಅದೇನೇ ಇರಲಿ, ಪೈಪು ಬಂತು, ದೇವೀರಮ್ಮನ ಬಾಗಿಲ ಮುಂದೆ ನಲ್ಲಿ ಬಂತು. ತಿರುಗಿಸಿದ್ರೆ ಸುರ್ರಂತ ನೀರು ಬಂತು. ದೇವೀರಮ್ಮ ನಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಮಗನ ಕೆನ್ನೆ ಹಿಂಡಿ, ಖುಷೀಲಿ ಕಣ್ಣೀರು ಹಾಕಿದ್ಲು. ಬೈಯೋಕೆ ಏನೂ ಸಿಗಲಿಲ್ಲ. ಅದೇ ಎಡವಟ್ಟಾಗಿದ್ದು! ಬೈಯೋದು ಬಿಟ್ಟು ಕೆಲಸ ಹೇಳಿದ್ಲು.

"ಮೊದಲನೇ ಕೊಡ ನಾವು ಕುಡೀಬಾರದು ಮಗಾ. ನೀರು ಕೊಡ್ತೀನಿ ಅಂತ ಯಾರು ಮಾತು ಕೊಟ್ರೋ ಅವ್ರಿಗೇ ಕೊಟ್ಟು ಬಾ. ಒಂದು ತೊಟ್ಟೂ ಉಳಿಸ್ಕೊಂಡು ಬರಬೇಡ."

"ಗೊತ್ತಾಯ್ತವ್ವಾ!"

ಕೊಡ ಹೆಗಲಿಗೇರಿಸಿ ಹೊರಟ. ಸ್ವಲ್ಪ ಹೊತ್ತಿಗೆ ಖಾಲಿ ಕೊಡ ಆಡಿಸ್ಕೊಂಡು ಹಲ್ಲು ಬಿಟ್ಕೊಂಡು ಬಂದ.

"ಕೊಟ್ಯಾ ಮಗಾ? ಕುಡಿದ್ರಾ?"

"ಕುಡಿದ್ರು ಕಣವ್ವಾ! ಹೋಟ್ಲಲ್ಲಿ ಮಾತಾಡ್ತಾ ಇದ್ರು. ತಲೆ ಮೇಲಿಂದ ಪೂರ್ತಿ ಹುಯ್ದೆ. ಕುಡಿದು ಢಂ ಅಂತ ತೇಗಿದ್ರು. ಆಮೇಲೆ ಬೀಡಿ ಸೇದಿದಂಗೆ ಬುಸ್ಸಂತ ಹೊಗೆ ಬಿಟ್ಟು ಮಲಗಿಬಿಟ್ರು. ಎಬ್ಬಿಸಿದ್ರೂ ಏಳ್ತಾ ಇಲ್ಲ!"

ದೇವೀರಮ್ಮಂಗೆ ಅರ್ಥ ಆಗೋದಕ್ಕೂ ದಿಬ್ಬದ ಕೆಳಗೆ ಗದ್ದಲ ಏಳೋದಕ್ಕೂ ಸರಿಹೋಯ್ತು. ಮುಂದೆ ಗುರುಸ್ವಾಮಿ, ಹಿಂದೆ ಹೋಟ್ಲಲ್ಲಿ ಕೂತಿದ್ದ ಊರು ಪೂರ್ತಿ, ಕೈಲಿ ಸೌದೆ ಹಿಡ್ಕೊಂಡು, ಕೂಗಾಡ್ತಾ, ಏದುಸಿರು ಬಿಡ್ತಾ ದಿಬ್ಬ ಹತ್ತಿ ಬರ್ತಾವ್ರೆ!

ಜವರ ಕೊಡ ನಲ್ಲಿ ಕೆಳಗಿಟ್ಟ. "ಬೇಗ ತಿರುಗಿಸವ್ವಾ, ಪಾಪ, ಇವ್ರಿಗೂ ಬಾಯಾರೈತೆ!"