ಕಡಲೆ ಗಿಡಕ್ಕೆ ಹುಳಿ ಬಂದದ್ದು

ಭೂಮಿ ಆಗಷ್ಟೇ ಹುಟ್ಟಿತ್ತು. ಆಕಾಶಕ್ಕೆ ಬಳಿದ ನೀಲಿ ಇನ್ನೂ ಒಣಗಿರಲಿಲ್ಲ. ಆಗ ಯಾವ ಬೀಜಕ್ಕೂ ಚಳಿಗಾಲ ಬೇಕಿರಲಿಲ್ಲ ಕೂಸೇ.

ಹೆಸರು, ಸಜ್ಜೆ, ತೊಗರಿ ಎಲ್ಲವೂ ಮಳೆರಾಯನ ಬೆನ್ನು ಹತ್ತಿದವು. ಚಳಿಯವ್ವ ಎರೆಹೊಲದ ಬದುವಿನ ಮೇಲೆ ಒಬ್ಬಳೇ ಕೂತಿದ್ದಳು.

"ನನ್ನ ಕಡೆ ಯಾರ್ ಬರ್ತಾರ? ಕೊಡಾಕ ನಾಕು ಹನಿ ಇಬ್ಬನಿ ಬಿಟ್ರ ನನ್ನ ಕೈಯಾಗ ಏನೈತಿ?" ಎಂದಳು.

"ನಾ ಬರ್ತೀನಿ ಬಿಡಬೇ. ನಾಕು ಹನಿ ಸಾಕು. ಉಳದದ್ದು ನಾ ನೋಡ್ಕೋತೀನಿ" ಎಂದಿತು ಒಂದು ಕಾಳು. ಅವಳೇ ಕಡಲೆವ್ವ. ಆಳು ಗಿಡ್ಡ, ಗತ್ತು ಉದ್ದ!

ಆದರೆ ಬರೀ ಬಾಯಿಮಾತಿನವಳಲ್ಲ. ಬೇರನ್ನು ಆಳಕ್ಕೆ ಇಳಿಸಿ, ಕರಿಮಣ್ಣು ಬಚ್ಚಿಟ್ಟುಕೊಂಡಿದ್ದ ಹಸಿಯನ್ನು ಹುಡುಕಿದಳು. ಎತ್ತರ ಬೆಳೆಯದೆ ನೆಲಕ್ಕೆ ಕುಕ್ಕರಿಸಿದಳು. ಚಳಿಗಾಳಿ ತಲೆಯ ಮೇಲೇ ಹಾದುಹೋಯಿತು. ಎಲೆಯ ಮೇಲೆ ನವಿರಾದ ಕೂದಲು ಬೆಳೆಸಿದಳು. ಇಬ್ಬನಿ ಜಾರದೆ ನಿಂತಿತು. ಹೂ ಬಿಟ್ಟಳು, ಕಾಯಿ ಕಟ್ಟಿದಳು. ಒಂದೊಂದು ಕಾಯಿಯಲ್ಲೂ ಒಂದು ಮಗು.

ನಮ್ಮ ಕಡೆಯ ಪದ್ಧತಿ ನಿನಗೆ ಗೊತ್ತಲ್ಲ? ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಕಡಲೆವ್ವನೂ ಎಲೆಯ ಇಬ್ಬನಿಗೆ ಸಿಹಿ ಬೆರೆಸಿ ಇಡುತ್ತಿದ್ದಳು. ಇರುವೆ ಕುಡಿದು ಹೋಯಿತು. ಚಿಟ್ಟೆ ಕುಡಿದು ಹೋಯಿತು. ಹಸಿರು ಹುಳ ಕುಡಿಯಿತು, ಹೋಗಲಿಲ್ಲ.

"ಭಾಳ ಚಲೋ ಮನಿ ಐತಿ ನಿಂದು" ಎಂದಿತು. ಮರುದಿನ ಅಣ್ಣತಮ್ಮಂದಿರು ಬಂದರು. ಮೂರನೆಯ ದಿನ ಬೀಗರು! ಕುಡಿದರು, ಎಲೆ ತಿಂದರು. ಆಮೇಲೆ ಕಾಯಿಗೆ ತೂತು ಕೊರೆದು ಮಕ್ಕಳನ್ನೂ ತಿನ್ನತೊಡಗಿದರು.

"ಹೊರಗ ಹಾಕಬೇಕಿಲ್ಲೇನಜ್ಜಿ?" ಅನ್ನುತ್ತೀಯಾ? ಬದುವಿನ ಹುಣಸೆಯಜ್ಜನೂ ಅದನ್ನೇ ಅಂದ. "ಬೇಕಾದ್ರ ನನ್ನ ಬೇರಿನಿಂದ ಒಂದ್ ಗುಟುಕು ಹುಳಿ ಕಳಸ್ತೀನಿ. ನೀರಿಗೆ ಕಲಸು, ತಾವಾಗೇ ಏಳ್ತಾರ."

"ಬಂದವರಿಗೆ ಹುಳಿನೀರು ಕೊಡ್ಲೇನಜ್ಜಾ? ಮಂದಿ ಏನಂದಾರು?" ಎಂದಳು ಕಡಲೆವ್ವ.

ಚಳಿಯವ್ವನಿಗೆ ಅಳು ಬಂತು. "ನನ್ನ ನಂಬಿ ಕೆಟ್ಟಿ ಮಗಳ. ಮಳೆರಾಯನ ಕಡೆ ಹೋಗಿಬಿಡು."

"ಒಲ್ಲೆ. ನಿನ್ನ ಕಡೆ ಬರ್ತೀನಿ ಅಂದಾಕಿ ನಾನ. ಇಲ್ಲೇ ಬಾಳ್ತೀನಿ."

ಅಷ್ಟು ಹೊತ್ತಿಗೆ ಉಳಿದಿದ್ದದ್ದು ಒಂದೇ ಕಾಯಿ. ಅದೂ ಹೋದರೆ ಲೋಕದಲ್ಲಿ ಕಡಲೆಯೇ ಇಲ್ಲ. ಒಂದು ಬೆಳಗ್ಗೆ ಆ ಕಾಯಿಯೊಳಗಿನ ಮಗು ಕೂಗಿತು:

"ಯವ್ವಾ, ಯಾರೋ ಬಾಗಿಲಾ ಕೊರಿಯಾಕತ್ತಾರ!"

ಕಡಲೆವ್ವನ ಮೈ ಉರಿದುಹೋಯಿತು. ಪದ್ಧತಿ ದೊಡ್ಡದು, ಖರೆ. ಮಗುವಿಗಿಂತ ದೊಡ್ಡದೇ?

"ಅಜ್ಜಾ, ಕಳಸು!" ಎಂದಳು.

ಹುಣಸೆಯಜ್ಜ ಕಳಿಸಿದ ಹುಳಿಯನ್ನು ಬೇರಿನಿಂದ ಹೀರಿದಳು. ಕಾಂಡಕ್ಕೆ ಏರಿಸಿದಳು, ಎಲೆಗೆ ಏರಿಸಿದಳು, ಕಾಯಿಯ ಮೈಮೇಲಿನ ಒಂದೊಂದು ಕೂದಲಿನ ತುದಿಗೂ ತಂದು ನಿಲ್ಲಿಸಿದಳು. ಇಬ್ಬನಿಯೆಲ್ಲ ಹುಳಿಯಾಯಿತು. ಕೊರೆಯುತ್ತಿದ್ದ ಹುಳ ಗಂಟಲು ಒಣಗಿ ಒಂದು ಹನಿ ಕುಡಿಯಿತು.

"ಥೂ! ಥೂ! ಥೂ!"

ಹಲ್ಲು ಚಳಿತು, ಮೈ ಮುದುಡಿತು. ಬೀಗರು ಮುಂದೆ, ಅಣ್ಣತಮ್ಮಂದಿರು ಹಿಂದೆ. ಹೋಗಿಬರ್ತೀವಿ ಅಂತ ಒಬ್ಬರೂ ಹೇಳಲಿಲ್ಲ.

ಆ ಒಂದು ಮಗು ಬಲಿತು ನೆಲಕ್ಕೆ ಬಿತ್ತು. ಇವತ್ತಿನ ಕಡಲೆಯೆಲ್ಲ ಅದರ ಸಂತಾನವೇ. ಹುಳ ಈಗಲೂ ಬರುತ್ತದೆ, ನಾಚಿಕೆಗೆಟ್ಟದ್ದು. ಆದರೆ ಮೊದಲಿನ ಹಾಗೆ ಕಾಲು ಚಾಚಿ ಕೂರುವುದಿಲ್ಲ.

ಚಳಿಗಾಲದ ಬೆಳಗ್ಗೆ ಕಡಲೆ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಗೀರಿದ ಜಾಗವೆಲ್ಲ ಚುರುಗುಟ್ಟುತ್ತದೆ. ಗಿಡದ ಮೇಲೆ ಸಿಟ್ಟು ಮಾಡಬೇಡ ಕೂಸೇ. ಒಳಗೆ ಮಕ್ಕಳು ಮಲಗಿವೆ. ನೀನು ಯಾರು ಅಂತ ಆ ತಾಯಿಗೆ ಇನ್ನೂ ಗೊತ್ತಿಲ್ಲ.